ನಾನೂರ ಹನ್ನೆರಡು ಬಟನ್‌ಗಳಿಗೆ ಹೆಸರು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಆಕೆ ಪ್ರೋಗ್ರಾಂನಲ್ಲಿ ಒಂದು ಸಾಲು ಬರೆದಳು. ಎರಡು ನಿಮಿಷವೂ ಹಿಡಿಯಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಂಡು ತಿರುಗುವಷ್ಟರಲ್ಲಿ ಪರದೆಯ ಕೆಳಗಿನ ಮೂಲೆಯಲ್ಲಿ ಕೆಂಪು ಅಂಕಿ ಓಡುತ್ತಿತ್ತು. ಮೂವತ್ತು, ತೊಂಬತ್ತು, ಇನ್ನೂರ ಹತ್ತು. ನಾನೂರ ಹನ್ನೆರಡಕ್ಕೆ ನಿಂತಿತು. ಅಷ್ಟು ಕಡೆ ತಪ್ಪಿದೆ ಎಂದು ಅದರ ಅರ್ಥ. ಆಕೆಗೆ ಆಶ್ಚರ್ಯವಾಗಲಿಲ್ಲ. ಇನ್ನೂರು ಇರಬಹುದು ಅಂದುಕೊಂಡಿದ್ದಳು, ಅಷ್ಟೇ.

ಆಫೀಸಿನಲ್ಲಿ ಆಕೆಯನ್ನು ಬಟನ್ ಅಕ್ಕ ಅನ್ನುತ್ತಾರೆ. ವಯಸ್ಸು ನಲವತ್ತೇಳು. ಕ್ಲಿನಿಕ್‌ಗಳಲ್ಲಿ ಭೇಟಿಯ ಸಮಯ ಗೊತ್ತುಮಾಡಿಕೊಳ್ಳುವ ಫೋನ್ ಆ್ಯಪ್ ಆ ಕಂಪನಿಯದು. ಅದರಲ್ಲಿ ಎಲ್ಲಿ ಏನು ಒತ್ತಿದರೂ ಒತ್ತುವ ಆ ಬಟನ್ ಹನ್ನೊಂದು ವರ್ಷದ ಹಿಂದೆ ಆಕೆ ಬರೆದದ್ದು. ಪುಟಗಳನ್ನು ಬೇರೆಯವರು ಕಟ್ಟುತ್ತಾರೆ. ಅದಕ್ಕೆ ಬೇಕಾದ ಬಟನ್, ಚೌಕ, ಪಟ್ಟಿಗಳನ್ನು ಆಕೆಯ ಉಗ್ರಾಣದಿಂದ ಎತ್ತಿಕೊಂಡು ಹೋಗುತ್ತಾರೆ. ಎಲ್ಲ ಸರಿಯಿದ್ದರೆ ಯಾರಿಗೂ ಆಕೆಯ ನೆನಪಾಗುವುದಿಲ್ಲ. ಒಂದು ಅಂಚು ಕೂದಲೆಳೆಯಷ್ಟು ಸರಿದರೆ ಮೂರು ತಂಡದವರು ಸಾಲಾಗಿ ಬಂದು ನಿಲ್ಲುತ್ತಾರೆ. ಮೇಜು ಗೋಡೆಯ ಕಡೆಗಿದೆ. ಬೆನ್ನಿಗೆ ಜೆರಾಕ್ಸ್ ಯಂತ್ರದ ಬಿಸಿ ಗಾಳಿ ಬಡಿಯುತ್ತದೆ. ಕುರ್ಚಿಯ ಬಲಗೈ ಕಿತ್ತುಹೋಗಿ ಅಂಟುಪಟ್ಟಿ ಸುತ್ತಿದೆ. ಆಕೆಯ ಬಲ ಮಣಿಕಟ್ಟಿಗೂ ಒಂದು ಪಟ್ಟಿ ಸುತ್ತಿದೆ, ಎರಡು ವರ್ಷದಿಂದ.

ಬರೆದ ಸಾಲಿನ ಕಥೆ ಇಷ್ಟು. ಉಗ್ರಾಣದಲ್ಲಿ ಒಂದು ಮೂಲ ಬಟನ್ ಇದೆ. ಅದರ ಗುಣಗಳದ್ದೊಂದು ಪಟ್ಟಿ: ಬಣ್ಣ, ಅಳತೆ, ಒತ್ತಿದರೆ ಏನಾಗಬೇಕು, ಕಣ್ಣು ಕಾಣದವರಿಗೆ ಫೋನ್ ಏನೆಂದು ಓದಿ ಹೇಳಬೇಕು. ಕೆಲವು ಗುಣಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಇದ್ದರೆ ಕೊಡಿ, ಇಲ್ಲದಿದ್ದರೆ ಬಿಡಿ ಎಂದು ಅದರ ಅರ್ಥ. ಓದಿ ಹೇಳುವ ಹೆಸರಿನ ಮುಂದೆಯೂ ಆ ಚಿಹ್ನೆ ಇತ್ತು, ಅದರಲ್ಲಿ ತಪ್ಪೂ ಇರಲಿಲ್ಲ. ಮೂಲ ಬಟನ್ ಮೇಲೆ ಅಕ್ಷರಗಳಿರುತ್ತವೆ. ಹೆಸರು ಕೊಡದಿದ್ದರೆ ಫೋನ್ ಆ ಅಕ್ಷರಗಳನ್ನೇ ಓದುತ್ತದೆ. ಆಮೇಲೆ ಆ ಮೂಲದಿಂದ ಇನ್ನೊಂದು ಹುಟ್ಟಿತು, ಚಿತ್ರದ ಬಟನ್. ಅಕ್ಷರವಿಲ್ಲ, ಒಂದು ಬಾಣ, ಗುಣಾಕಾರದಂಥ ಒಂದು ಕತ್ತರಿ ಗುರುತು, ಒಂದು ಗಂಟೆ, ಅಷ್ಟೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ತಾಯಿಯ ಎಲ್ಲ ಗುಣವೂ ಮಗಳಿಗೆ ಬಂತು, ಪ್ರಶ್ನಾರ್ಥಕ ಚಿಹ್ನೆಯ ಸಮೇತ. ಹೆಸರು ಕೊಡದೆ ಬಿಟ್ಟರೆ ಓದಲು ಅಲ್ಲಿ ಅಕ್ಷರವೇ ಇಲ್ಲ. ಫೋನ್ ತನಗೆ ಗೊತ್ತಿದ್ದಷ್ಟು ಹೇಳುತ್ತದೆ: ಬಟನ್.

ಹೊಸ ಸಾಲು ಹೇಳಿದ್ದು ಇದು: ಉಳಿದದ್ದೆಲ್ಲ ತಾಯಿಯಿಂದ ಬಂದಂತೆಯೇ ಇರಲಿ, ಈ ಒಂದು ಗುಣ ಮಾತ್ರ ಇಲ್ಲಿ ಕಡ್ಡಾಯ. ಹೆಸರಿಲ್ಲದೆ ಚಿತ್ರದ ಬಟನ್ ಬಳಸಿದ ಪ್ರತಿ ಜಾಗವೂ ಆ ಕ್ಷಣದಿಂದ ತಪ್ಪು.

ಆ ಪ್ರಶ್ನಾರ್ಥಕ ಚಿಹ್ನೆ ಹಾಕಿದವರು ಯಾರೆಂದು ಅವತ್ತು ಬೆಳಿಗ್ಗೆ ನೋಡಿದ್ದಳು. ಯಾವ ಸಾಲನ್ನು ಯಾರು ಯಾವತ್ತು ಬರೆದರು ಎಂದು ತೋರಿಸುವ ವ್ಯವಸ್ಥೆ ಈ ಕಸುಬಿನಲ್ಲಿದೆ. ಬೈಯಬೇಕೆಂದು ಹುಡುಕಿದರೆ ಹತ್ತಕ್ಕೆ ನಾಲ್ಕು ಸಲ ತಮ್ಮದೇ ಹೆಸರು ಸಿಗುತ್ತದೆ. ಸಿಕ್ಕಿತು.

ಇಷ್ಟು ವರ್ಷ ಕಾಣದ್ದು ಈಗ ಕಂಡದ್ದಕ್ಕೆ ಕಾರಣ ಮನೆಯಲ್ಲಿತ್ತು.

ಗಂಡನ ತಾಯಿಗೆ ಎಪ್ಪತ್ತಮೂರು. ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಟೆಲಿಫೋನ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ಈಗ ಕಣ್ಣಿನ ನಡುಭಾಗ ಹೋಗಿದೆ. ಬಾಗಿಲಿನ ಚೌಕಟ್ಟು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಅಂಚಿನಲ್ಲಿ ಉಳಿದಿರುವ ನೋಟವೂ ಹೋಗದಿರಲಿ ಎಂದು ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್. ಕ್ಲಿನಿಕ್ಕು ಮನೆಯಿಂದ ಎರಡು ತಿರುವು. ಸರದಿಯನ್ನು ಸೊಸೆಯ ಕಂಪನಿಯ ಆ್ಯಪ್‌ನಲ್ಲೇ ಹಿಡಿಯಬೇಕು. ಹಿಡಿಯುವುದು, ಹೋಗುವುದು, ಬರುವುದು ಎಲ್ಲ ಒಬ್ಬರೇ. ಮಗ ಎರಡು ಸಲ ನಾನು ಮಾಡ್ತೀನಿ ಅಂದು ಎರಡು ಸಲವೂ ಬೈಸಿಕೊಂಡಿದ್ದ.

ಪರದೆಯ ಮೇಲೆ ಬೆರಳು ಜಾರಿಸಿದರೆ ಬೆರಳ ಕೆಳಗೆ ಏನಿದೆ ಎಂದು ಅವರ ಫೋನ್ ಓದಿ ಹೇಳುತ್ತದೆ. ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಭೇಟಿಯ ಪುಟದಲ್ಲಿ ಎರಡು ಚಿತ್ರದ ಬಟನ್‌ಗಳಿದ್ದವು, ಒಂದು ಖಚಿತಪಡಿಸಲು, ಒಂದು ರದ್ದುಮಾಡಲು. ಎರಡಕ್ಕೂ ಫೋನ್ ಬಟನ್ ಅನ್ನುತ್ತಿತ್ತು. ಅತ್ತೆ ಅದನ್ನು ದೂರಲಿಲ್ಲ. ಅವರು ಹಳೆಯ ಆಪರೇಟರ್. ಟೆಲಿಫೋನ್ ಬೋರ್ಡಿನಲ್ಲಿ ತಂತಿ ಚುಚ್ಚುವ ಯಾವ ತೂತು ಎಷ್ಟನೆಯದೆಂದು ಎಣಿಸಿ ಕೆಲಸ ಮಾಡಿದ ಕೈ ಅದು. ಎಡದಿಂದ ಮೊದಲನೆಯದು ಖಚಿತ, ಎರಡನೆಯದು ರದ್ದು ಎಂದು ಎಣಿಸಿಟ್ಟುಕೊಂಡರು. ಒಂದೂವರೆ ವರ್ಷ ಹಾಗೇ ನಡೆಯಿತು. ಹೋದ ತಿಂಗಳು ಅಂದಕ್ಕೆಂದು ಒಂದು ತಂಡ ಆ ಎರಡನ್ನು ಅದಲುಬದಲು ಮಾಡಿತು. ಕಣ್ಣಿದ್ದವರಿಗೆ ವ್ಯತ್ಯಾಸವಾಗಲಿಲ್ಲ. ಅತ್ತೆ ತಮ್ಮ ಭೇಟಿಯನ್ನು ತಾವೇ ರದ್ದುಮಾಡಿಕೊಂಡು, ಕೊಡೆ ಹಿಡಿದು ಕ್ಲಿನಿಕ್ಕಿಗೆ ಹೋಗಿ, ಮೂರು ಗಂಟೆ ಕೂತು, ಪಟ್ಟಿಯಲ್ಲಿ ಹೆಸರಿಲ್ಲ ಎಂದು ಕೇಳಿ ಮನೆಗೆ ಬಂದರು.

ಹತ್ತು ದಿನದ ಮೇಲೆ ಮಗ ಬೇರೆ ದಿನ ಹಿಡಿದು ಕರೆದುಕೊಂಡು ಹೋಗಿಬಂದ. ಆ ಹತ್ತು ದಿನದಲ್ಲಿ ಅತ್ತೆಯ ಮಾತು ಕಡಿಮೆಯಾಗಿತ್ತು. ಇಂಜೆಕ್ಷನ್ ಆದ ಸಂಜೆ ಫೋನನ್ನು ಊಟದ ಮೇಜಿನ ಮೇಲಿಟ್ಟು, ಮುಂದಿನ ತಿಂಗಳ ಸರದಿ ಇಪ್ಪತ್ತೈದನೇ ತಾರೀಕಿಗೆ ತೆಗೆಯುತ್ತದಂತೆ, ಅದೊಂದನ್ನು ತಾನೇ ಹಿಡಿದು ನೋಡುತ್ತೇನೆ ಅಂದರು. ಆಗದಿದ್ದರೆ ಎಂದು ಮಗ ಕೇಳಿದ.

"ಆಗ್ದಿದ್ರೆ ಫೋನ್ ನಿಮ್ಮ ಹತ್ರಾನೇ ಇರ್ಲಿ. ಎಲ್ಲಿಗೆ ಕರ್ಕೊಂಡು ಹೋಗ್ತೀರೋ ಅಲ್ಲಿಗೆ ಬರ್ತೀನಿ."

ಆಪರೇಟರ್ ದನಿಯಲ್ಲಿ, ಏರಿಳಿತವಿಲ್ಲದೆ ಹೇಳಿದ್ದು. ಬಟನ್ ಅಕ್ಕ ಅವರ ಫೋನ್ ತೆಗೆದುಕೊಂಡು, ಕಣ್ಣು ಮುಚ್ಚಿ, ಬೆರಳು ಜಾರಿಸಿದಳು. ಬಟನ್. ಬಟನ್. ಬಟನ್. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಅತ್ತೆ, ನೋಡು, ಆಫೀಸಿನವರ ಹಾಗೆ ಇದೂ ನಿನ್ನನ್ನೇ ಕೂಗುತ್ತಿದೆ ಅಂದರು. ಸೊಸೆಗೆ ನಗು ಬರಲಿಲ್ಲ.

ಅದು ಭಾನುವಾರ. ಸೋಮವಾರ ಆ ಸಾಲು.

ಹನ್ನೊಂದೂವರೆಗೆ ಕಾರಿಡಾರಿನಲ್ಲಿ ನಿಂತೇ ಮೀಟಿಂಗ್ ಆಯಿತು. ಪುಟ ಕಟ್ಟುವ ತಂಡಗಳಲ್ಲಿ ದೊಡ್ಡದರ ಮುಖ್ಯಸ್ಥನಿಗೆ ಆಫೀಸಿನಲ್ಲಿ ಮೀಸೆ ಎಂದೇ ಹೆಸರು. ಕೆಟ್ಟವನಲ್ಲ. ಶುಕ್ರವಾರ ಶುಕ್ರವಾರ ಆ್ಯಪ್‌ನ ಹೊಸ ಆವೃತ್ತಿ ಹೊರಗೆ ಹೋಗಬೇಕು, ಅದೊಂದೇ ಅವನ ಲೋಕ. ನಾನೂರ ಹನ್ನೆರಡು ಅಂದರೆ ತನ್ನ ತಂಡಕ್ಕೆ ಎರಡು ವಾರದ ಕೆಲಸ, ಯಾರೂ ಕೇಳದ ಕೆಲಸ ಎಂದ. ಒಬ್ಬರು ಕೇಳಿದ್ದಾರೆ ಎಂದು ಆಕೆ ಹೇಳಲಿಲ್ಲ. ಮನೆಯ ವಿಷಯವನ್ನು ಆಫೀಸಿಗೆ ತಂದ ಹಾಗಾಗುತ್ತದೆ ಎನಿಸಿತು. ಮೇಲಿನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಇದು ಆಗಲೇಬೇಕಾದ ಕೆಲಸ, ಹಾಗೆಂದು ಯಾರಿಗೂ ತೊಂದರೆಯಾಗಬಾರದು ಅಂದರು. ತೀರ್ಮಾನ ಅರ್ಥವಾಯಿತು: ಶುಕ್ರವಾರದೊಳಗೆ ಕೆಂಪು ಸೊನ್ನೆಗೆ ಇಳಿಯಬೇಕು, ಇಲ್ಲವಾದರೆ ಸಾಲು ವಾಪಸ್.

"ನೀವು ಹಾಕಿದ ಗಂಟು, ನೀವೇ ಬಿಚ್ಚಿ ಅಕ್ಕಾ," ಅಂದ ಮೀಸೆ. ಗೌರವದಿಂದಲೇ ಅಂದ.

ಸೋಮವಾರ ಹತ್ತೊಂಬತ್ತು ಬಿಚ್ಚಿದಳು. ಮಂಗಳವಾರ ಇಪ್ಪತ್ತಾರು. ಒಂದು ಬಾಣಕ್ಕೆ ಹೆಸರು ಕೊಡಬೇಕಾದರೆ ಅದು ಯಾವ ಪುಟದಲ್ಲಿದೆ, ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದು ತೆರೆದು ನೋಡಬೇಕು. ಒಂದೇ ಕತ್ತರಿ ಗುರುತು ಒಂದು ಕಡೆ ಕಿಟಕಿ ಮುಚ್ಚುತ್ತದೆ, ಇನ್ನೊಂದು ಕಡೆ ಫೋಟೋ ಅಳಿಸುತ್ತದೆ, ಮತ್ತೊಂದು ಕಡೆ ಭೇಟಿ ರದ್ದುಮಾಡುತ್ತದೆ. ನಡುವೆ ತನ್ನ ನಿತ್ಯದ ಕೆಲಸ, ನಡುವೆ ಸರಿದ ಅಂಚುಗಳ ದೂರು. ಬುಧವಾರ ಹದಿನೇಳು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಇನ್ನೂ ಮುನ್ನೂರ ನಲವತ್ತು ಉಳಿದಿದ್ದವು. ಮಣಿಕಟ್ಟಿನಿಂದ ಮೊಣಕೈವರೆಗೆ ನೋವು ಏರಿತ್ತು.

ಅವತ್ತು ಮೂರು ಗಂಟೆಗೆ, ಈ ಕಸುಬಿನವರು ಮಾತ್ರ ಮಾಡಬಹುದಾದ ಒಂದು ತಪ್ಪು ಮಾಡಿದಳು. ಒಂದು ಪುಟ್ಟ ಪ್ರೋಗ್ರಾಂ ಬರೆದು, ಹೆಸರಿಲ್ಲದ ಪ್ರತಿ ಬಟನ್‌ಗೂ ಅದರ ಚಿತ್ರದ ಕಡತಕ್ಕೆ ಏನು ಹೆಸರಿದೆಯೋ ಅದನ್ನೇ ತುಂಬಿಸಿಬಿಟ್ಟಳು. ನಾಲ್ಕು ನಿಮಿಷ. ಮೂಲೆಯ ಅಂಕಿ ಸರ್ರನೆ ಇಳಿದು ಸೊನ್ನೆಯಾಯಿತು. ಕಡ್ಡಾಯ ಎಂಬುದು ಜಾಗ ಖಾಲಿಯಿದೆಯೇ ಎಂದಷ್ಟೇ ನೋಡುತ್ತದೆ. ತುಂಬಿದ್ದು ನಿಜವೇ ಎಂದು ನೋಡುವುದಿಲ್ಲ. ಅದು ಆಕೆಗೆ ಗೊತ್ತಿತ್ತು. ಮೂಗಿಗೆ ತುಪ್ಪ ಸವರುವ ಕೆಲಸ ಎಂದೂ ಗೊತ್ತಿತ್ತು. ಆಮೇಲೆ ಸರಿಮಾಡಬೇಕು ಎಂದು ಒಂದು ಟಿಪ್ಪಣಿ ಬರೆದಿಟ್ಟಳು. ಆ ಕಂಪನಿಯ ಕಡತಗಳಲ್ಲಿ ಅಂಥ ಟಿಪ್ಪಣಿಗಳು ಸಾವಿರದ ಮೇಲಿವೆ. ಕೆಲವನ್ನು ಬರೆದವರು ಕೆಲಸ ಬಿಟ್ಟು ಆರು ವರ್ಷವಾಗಿದೆ.

ಶುಕ್ರವಾರ, ಆರನೇ ತಾರೀಕು, ಆವೃತ್ತಿ ಹೋಯಿತು. ಮೀಸೆ ತಾನೇ ಬಂದು, ಒಂದು ವಾರದಲ್ಲಿ ನಾನೂರ ಹನ್ನೆರಡಾ, ಕೈ ಮುಗಿಯಬೇಕು ನಿಮಗೆ ಅಂದ. ಆಕೆ ಪರದೆಯ ಕಡೆ ತಿರುಗಿಕೊಂಡಳು.

ಶನಿವಾರ ಬೆಳಿಗ್ಗೆ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹೊಸ ಆವೃತ್ತಿ ತೆರೆದರು. ಸೊಸೆ ಅಡುಗೆಮನೆಯಲ್ಲಿದ್ದಳು. ಫೋನಿನ ಹೆಣ್ಣು ದನಿ ಒಂದೊಂದಾಗಿ ಹೇಳತೊಡಗಿತು. ಆರೋ ಲೆಫ್ಟ್ ಟೂ ಫೈನಲ್. ಬೆಲ್ ನ್ಯೂ ನ್ಯೂ. ಕ್ಲೋಸ್ ಓಲ್ಡ್ ಡೋಂಟ್ ಯೂಸ್.

ಅತ್ತೆ ಕೊನೆಯದನ್ನು ಎರಡು ಸಲ ಕೇಳಿಸಿಕೊಂಡರು. ಇದನ್ನು ಮುಟ್ಟಬೇಡ ಅಂತ ಹೇಳ್ತಿದೆಯಾ ಎಂದು ಅಲ್ಲಿಂದಲೇ ಕೇಳಿದರು. ಅಲ್ಲ, ಅದು ಚಿತ್ರ ಬರೆಯುವವರು ತಮಗಾಗಿ ಇಟ್ಟುಕೊಂಡ ಹೆಸರು ಎಂದು ಸೊಸೆ ಬಂದು ಕೈ ಒರೆಸಿಕೊಳ್ಳುತ್ತಾ ಹೇಳಿದಳು. ಹಾಗಿದ್ದರೆ ತನಗೆ ಯಾಕೆ ಹೇಳುತ್ತಿದೆ? ಗುರುವಾರ ಮಧ್ಯಾಹ್ನ ಮಾಡಿದ್ದನ್ನು ಆಕೆ ಹೇಳಿದಳು. ಮುಚ್ಚಿಡುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಅತ್ತೆ ಬೈಯಲಿಲ್ಲ. ಟೆಲಿಫೋನ್ ಕೋಣೆಯ ಮಾತು ತೆಗೆದರು. ಬೋರ್ಡಿನಲ್ಲಿ ನೂರಾರು ತೂತು, ಒಂದೊಂದರ ಕೆಳಗೂ ಯಾವ ವಾರ್ಡೆಂದು ಬರೆದ ಚೀಟಿ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಬಣ್ಣ ಬಳಿಯುವವರು ಚೀಟಿಗಳನ್ನೆಲ್ಲ ಕಿತ್ತು, ಕೆಲಸ ಮುಗಿದ ಮೇಲೆ ತೋಚಿದಂತೆ ಅಂಟಿಸಿಹೋದರು. ಮರುದಿನ ಬೆಳಿಗ್ಗೆ ಒಬ್ಬ ಗಂಡಸು ಫೋನ್ ಮಾಡಿ ಹೆರಿಗೆ ವಾರ್ಡ್ ಕೊಡಿ ಅಂದ. ಚೀಟಿ ನೋಡಿ ಕೊಟ್ಟರು. ಅತ್ತ ಕಡೆ ಎತ್ತಿದವನು ಶವಾಗಾರದವನು. ರೂಢಿಯಂತೆ, ಬಾಡಿ ಯಾರದ್ದು ಎಂದು ಕೇಳಿದ.

"ಚೀಟಿ ಇಲ್ದಿದ್ರೆ ಯಾರ್ನಾದ್ರೂ ಕೇಳ್ತಿದ್ದೆ ಕಣೇ," ಅಂದರು ಅತ್ತೆ. "ಚೀಟಿ ಇತ್ತಲ್ಲ, ಅದಕ್ಕೇ ಕೇಳ್ಲಿಲ್ಲ."

ಆ ಗಂಡಸು ಏನಾದ ಎಂದು ಸೊಸೆ ಕೇಳಿದಳು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಆದರೆ ಅದು ಗೊತ್ತಾಗುವವರೆಗಿನ ಹತ್ತು ನಿಮಿಷ ಯಾರಿಂದಲೂ ಅವನಿಗೆ ವಾಪಸ್ ಕೊಡಲಾಗಲಿಲ್ಲ ಅಂದರು.

ಸೋಮವಾರ ಆಕೆ ನೇರ ಮೀಸೆಯ ಮೇಜಿಗೆ ಹೋದಳು. ಕೆಲಸ ಆಗಿಲ್ಲ ಎಂದಳು. ಅವನು ಪರದೆ ತಿರುಗಿಸಿ ಸೊನ್ನೆ ತೋರಿಸಿದ. ಆ ಸೊನ್ನೆ ಸುಳ್ಳು, ತಾನೇ ಬರೆಸಿದ್ದು ಎಂದಳು. ಅವನು ಬಹಳ ಹೊತ್ತು ಮೀಸೆ ನೇವರಿಸಿಕೊಂಡ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ತನಗಂತೂ ಕೇಳಿಸಿಲ್ಲ, ಹೋಗಿ ಟೀ ಕುಡಿಯಿರಿ ಅಂದ. ಆಕೆ ಟೀ ಕುಡಿಯಲು ಹೋಗಲಿಲ್ಲ. ತನ್ನ ಮೇಜಿಗೆ ಬಂದು ಇನ್ನೊಂದು ನಿಯಮ ಬರೆದಳು: ಬಟನ್ ಹೆಸರೂ ಚಿತ್ರದ ಕಡತದ ಹೆಸರೂ ಒಂದೇ ಆಗಿದ್ದರೆ ಹಳದಿ ಗುರುತು ಬರಲಿ. ಕೆಂಪಾದರೆ ಆವೃತ್ತಿ ನಿಲ್ಲುತ್ತದೆ. ಹಳದಿ ಯಾರನ್ನೂ ನಿಲ್ಲಿಸುವುದಿಲ್ಲ, ಬರೀ ಕಾಣುತ್ತಿರುತ್ತದೆ. ಕಟ್ಟಡದ ಎಲ್ಲರ ಪರದೆಯ ಮೂಲೆಯಲ್ಲೂ ಹಳದಿ ಅಂಕಿ ಮೂಡಿತು: ಮುನ್ನೂರ ನಲವತ್ತು.

"ಸೊನ್ನೆ ಎಷ್ಟು ಚೆನ್ನಾಗಿತ್ತು," ಅಂದ ಮೀಸೆ, ಆ ಕಡೆಯಿಂದ.

ದಿನಕ್ಕೆ ನಾಲ್ಕು, ಕೆಲವು ದಿನ ಎಂಟು. ಅತ್ತೆ ಹಾದುಹೋಗುವ ದಾರಿಯನ್ನು ಮೊದಲು ಹಿಡಿದಳು: ಆ್ಯಪ್ ತೆರೆಯುವುದರಿಂದ ಸರದಿ ಖಚಿತವಾಗುವವರೆಗೆ ಐವತ್ತೆಂಟು ಬಟನ್‌ಗಳು. ಬೆಳಿಗ್ಗೆ ಏಳಕ್ಕೆ, ಆಫೀಸಿಗೆ ಹೊರಡುವ ಮೊದಲು, ಅವತ್ತಿನ ಹೆಸರುಗಳನ್ನು ಅತ್ತೆಗೆ ಓದಿ ಹೇಳುವುದು ರೂಢಿಯಾಯಿತು. ಆಕೆ ಬರೆದದ್ದು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ಹಿಂದಿನ ಪುಟಕ್ಕೆ ಮರಳಲು ಇಲ್ಲಿ ಒತ್ತಿ ಎಂದು ಒಂದಕ್ಕೆ ಬರೆದಿದ್ದಳು. ಅಷ್ಟು ಕೇಳುವಷ್ಟರಲ್ಲಿ ರೋಗಿ ಸತ್ತಿರುತ್ತಾನೆ ಅಂದರು ಅತ್ತೆ. ಆಪರೇಟರ್‌ಗಳ ಲೆಕ್ಕದಲ್ಲಿ ಮೂರು ಪದಕ್ಕಿಂತ ಹೆಚ್ಚು ಇರಬಾರದು, ಮುಖ್ಯವಾದದ್ದು ಮೊದಲ ಪದವಾಗಿರಬೇಕು. ಬೆರಳು ಆಗಲೇ ಮುಂದಕ್ಕೆ ಹೋಗುತ್ತಿರುತ್ತದೆ. ಹಿಂದಕ್ಕೆ, ಸಾಕು. ಖಚಿತ, ಭೇಟಿ. ರದ್ದು, ಭೇಟಿ. ಭೇಟಿ ರದ್ದು ಅಂತ ಯಾಕಾಗಬಾರದು ಎಂದು ಸೊಸೆ ಕೇಳಿದಳು. ಭೇಟಿ ಎಂಬುದನ್ನು ಕೇಳಿದ ಕೂಡಲೇ ತನ್ನಂಥ ಅವಸರದವಳು ತಟ್ಟಿಬಿಡುತ್ತಾಳೆ ಎಂದರು.

ಕೆಲವು ಬೆಳಿಗ್ಗೆ ಆಕೆಗೆ ಓದುವಾಗಲೇ ತೂಕಡಿಕೆ ಬರುತ್ತಿತ್ತು. ಅತ್ತೆ ಮುಂದಿನ ಹೆಸರಿಗೆ ಕಾಯುತ್ತಿದ್ದರು, ಎಬ್ಬಿಸುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ತಾವೂ ಹಾಗೆ ಕೂತೇ ತೂಕಡಿಸುತ್ತಿದ್ದುದಾಗಿ ಒಂದು ಸಲ ಹೇಳಿದರು.

ಹದಿಮೂರನೇ ತಾರೀಕಿನ ಶುಕ್ರವಾರ ಇಪ್ಪತ್ತೆರಡು ಹೆಸರು ಹೊರಗೆ ಹೋದವು. ಇಪ್ಪತ್ತರ ಶುಕ್ರವಾರ ಉಳಿದ ಮೂವತ್ತಾರು. ಐವತ್ತೆಂಟೂ ಸೇರಿದವು. ಮೀಸೆಯ ತಂಡದವರು ಒಂದನ್ನೂ ಮುಟ್ಟಲಿಲ್ಲ. ಆದರೆ ಹೊಸ ಪುಟ ಕಟ್ಟುವಾಗ ಚಿತ್ರದ ಬಟನ್‌ಗೆ ಹೆಸರು ಕೊಡದೆ ಅವರಿಗೆ ಮುಂದೆ ಹೋಗಲಾಗುತ್ತಿರಲಿಲ್ಲ. ಹಾಗಾಗಿ ಗೊಣಗಿಕೊಂಡೇ ಕೊಟ್ಟಿದ್ದರು. ಒಬ್ಬನು ಒಂದಕ್ಕೆ ಬರೀ ಚುಕ್ಕಿ ಇಟ್ಟಿದ್ದ. ಆಕೆ ಎದ್ದು ಅವನ ಮೇಜಿಗೆ ಹೋಗಿ, ಈ ಚುಕ್ಕಿಯನ್ನು ಗಟ್ಟಿಯಾಗಿ ಓದಿ ಹೇಳು ಅಂದಳು. ಅವನು ಬಾಯಿ ತೆರೆದು ಮುಚ್ಚಿ, ಅಳಿಸಿ, ಹೆಸರು ಬರೆದ.

ಇಪ್ಪತ್ತೈದು ಬುಧವಾರ. ಸರದಿ ತೆಗೆಯುವುದು ಬೆಳಿಗ್ಗೆ ಎಂಟಕ್ಕೆ. ಎಂಟಕ್ಕೆ ಐದು ನಿಮಿಷವಿರುವಾಗ ಅತ್ತೆ ಕೋಣೆಯ ಬಾಗಿಲನ್ನು ಮುಕ್ಕಾಲು ಮುಚ್ಚಿಕೊಂಡರು. ಮಗ ಏನೋ ಹೇಳಲು ಹೋದ. ಬೇಡ ಅಂದರು ತಾಯಿ. ಅವನು ಚಪ್ಪಲಿ ಹಾಕಿಕೊಂಡು ಕೆಳಗಿಳಿದು ಹೋದ. ಬಟನ್ ಅಕ್ಕ ಹಾಲ್‌ನಲ್ಲಿ, ಒಣಗಿದ ಬಟ್ಟೆಗಳ ರಾಶಿಯ ಮುಂದೆ ಕೂತು ಮಡಚತೊಡಗಿದಳು.

ಫೋನಿನ ದನಿ ಬಾಗಿಲ ಸಂದಿನಿಂದ ಬರುತ್ತಿತ್ತು. ಹುಡುಕು, ಕ್ಲಿನಿಕ್. ಒಂದು ಟವಲ್ ಮಡಚಿದಳು. ತಿಂಗಳು, ಮುಂದಿನದು. ಗುರುವಾರ, ಹತ್ತೂವರೆ, ಖಾಲಿ ಇದೆ. ಎರಡು ಸಲ ತಟ್ಟಿದ ಮೆತ್ತನೆಯ ಸದ್ದು. ಪುಟ ಬದಲಾಯಿತು. ಮುಂದಿನದು ಆ ಎರಡು ಬಟನ್‌ಗಳ ಪುಟ ಎಂದು ಆಕೆಗೆ ಗೊತ್ತಿತ್ತು.

ರದ್ದು, ಭೇಟಿ, ಅಂದಿತು ಫೋನ್.

ಒಳಗೆ ಸದ್ದಿಲ್ಲ. ಎಡದಿಂದ ಮೊದಲನೆಯದು. ಒಂದೂವರೆ ವರ್ಷ ಅಲ್ಲೇ ತಟ್ಟಿದ ಬೆರಳು ಅದು. ಸೊಸೆಯ ಕೈಯಲ್ಲಿ ಗಂಡನ ಅಂಗಿಯ ಒಂದು ತೋಳು ಹಾಗೇ ಉಳಿಯಿತು. ಎದ್ದು ಹೋಗಿ ಹೇಳಬಹುದಿತ್ತು; ಏಳು ಹೆಜ್ಜೆ. ಹೇಳಿದರೆ ಈ ಐವತ್ತೆಂಟೂ ದಂಡ. ಕೂತೇ ಇದ್ದಳು.

ರದ್ದು, ಭೇಟಿ, ಮತ್ತೆ ಅಂದಿತು. ಅತ್ತೆ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಿದ್ದರು. ಬೆರಳು ಜಾರಿದ ಸದ್ದು ಹೊರಗೆ ಕೇಳಿಸುವಂಥದ್ದಲ್ಲ.

ಖಚಿತ, ಭೇಟಿ.

ಎರಡು ತಟ್ಟು. ಗುರುವಾರ ಹತ್ತೂವರೆಗೆ ನಿಮ್ಮ ಸರದಿ ಇದೆ ಎಂದು ಫೋನ್ ಪೂರ್ತಿ ವಾಕ್ಯ ಹೇಳಿತು. ಅತ್ತೆ ಅದನ್ನೂ ಎರಡು ಸಲ ಹೇಳಿಸಿದರು.

ಬಾಗಿಲು ತೆರೆದು ಹೊರಗೆ ಬಂದವರು ಗೋಡೆ ಸವರಿಕೊಂಡು ಸೊಸೆಯ ಪಕ್ಕಕ್ಕೆ ಬಂದು, ರಾಶಿಯಿಂದ ಒಂದು ಬಟ್ಟೆ ಎಳೆದುಕೊಂಡು, ಅಂಚು ಹುಡುಕಿ ಮಡಚತೊಡಗಿದರು.

"ಇನ್ನೂ ಎಷ್ಟಿದೆ ನಿಂಗೆ?"

"ಇನ್ನೂರ ಎಂಬತ್ತೆರಡು."

"ಯಾರ ದಾರಿಯವು?"

ಆಕೆ ಯೋಚಿಸಿದಳು. ಮಕ್ಕಳ ಲಸಿಕೆಯ ಪುಟಗಳಿದ್ದವು, ರಕ್ತಪರೀಕ್ಷೆಯ ಫಲಿತಾಂಶದ ಪುಟಗಳಿದ್ದವು, ಇನ್ನೂ ತೆರೆದು ನೋಡಿರದ ಪುಟಗಳಿದ್ದವು. ಯಾರದ್ದೆಂದು ಗೊತ್ತಿಲ್ಲ ಎಂದಳು.

ನಾಳೆ ಏಳಕ್ಕೆ ಹೇಗೂ ಎದ್ದಿರುತ್ತೇನಲ್ಲ, ಓದು ಅಂದರು ಅತ್ತೆ. ಆಕೆ ಮಣಿಕಟ್ಟಿನ ಪಟ್ಟಿ ಬಿಚ್ಚಿ, ಬಿಗಿಯಾಗಿ ಸುತ್ತಿಕೊಂಡು, ಎಂಟೂ ಇಪ್ಪತ್ತಕ್ಕೆ ಆಫೀಸಿಗೆ ಹೊರಟಳು.